ಯುರೋಪಿನ ಸಂಚಾರಿ ವಾಣಿಜ್ಯ ಮೇಳಗಳು

ಜವಳಿ ಯಂತ್ರ ತಯಾರಿಸುವವರ ಪೈಕಿ 'ಇಟ್ಮಾ' ಹೆಸರು ಕೇಳದವರಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ವಾಣಿಜ್ಯ ಮೇಳಕ್ಕೆ ಸ್ವಂತ ಊರೆಂಬುದಿಲ್ಲ. 1951ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಹುಟ್ಟಿ, 1955ರಲ್ಲಿ ಬ್ರಸೆಲ್ಸ್‌ಗೆ, 1959ರಲ್ಲಿ ಮಿಲಾನ್‌ಗೆ, 1963ರಲ್ಲಿ ಹ್ಯಾನೋವರ್‌ಗೆ, 1967ರಲ್ಲಿ ಬಾಸೆಲ್‌ಗೆ ಹೋಯಿತು. ಆಮೇಲೆ ಪ್ಯಾರಿಸ್, ಬರ್ಮಿಂಗ್‌ಹ್ಯಾಮ್, ಮ್ಯೂನಿಕ್, ಬಾರ್ಸಿಲೋನಾಗಳನ್ನೂ ಕಂಡಿತು. 2023ರಲ್ಲಿ ಮಿಲಾನ್‌ನಲ್ಲಿ ನಡೆದದ್ದು ಹತ್ತೊಂಬತ್ತನೆಯದು. 2027ರಲ್ಲಿ ಮತ್ತೆ ಹ್ಯಾನೋವರ್ ಸರದಿ. ಏಳು ದೇಶಗಳಲ್ಲಿ ಒಂಬತ್ತು ನಗರಗಳನ್ನು ಸುತ್ತಿರುವ ಈ ಮೇಳದಲ್ಲಿ ನೂಲುವ, ನೇಯುವ, ಬಣ್ಣ ಹಾಕುವ ಯಂತ್ರಗಳನ್ನು ಬರಿದೇ ಇಟ್ಟು ತೋರಿಸುವುದಿಲ್ಲ, ಓಡಿಸಿ ತೋರಿಸುತ್ತಾರೆ. ಕಳೆದ ಎರಡು ಸಲ ಸುಮಾರು 1,700 ಕಂಪನಿಗಳು ಮಳಿಗೆ ಹಾಕಿದ್ದವು. ಲಕ್ಷಕ್ಕೂ ಮಿಕ್ಕಿ ಜನ ಬಂದುಹೋದರು.

ಒಂದೇ ಮೇಳವನ್ನು ಹಲವು ದೇಶಗಳಲ್ಲಿ ನಡೆಸುವುದು, ಇಲ್ಲವೇ ಒಂದೇ ಆಯೋಜಕ ಸಂಸ್ಥೆ ಏಕಕಾಲಕ್ಕೆ ಹಲವು ದೇಶಗಳಲ್ಲಿ ಬೇರೆ ಬೇರೆ ಮೇಳಗಳನ್ನು ನಡೆಸುವುದು ಯುರೋಪಿನ ಪ್ರದರ್ಶನ ಉದ್ಯಮದ ವಿಶಿಷ್ಟ ಸಂಗತಿ. ಯುರೋಪಿಯನ್ ಒಕ್ಕೂಟದೊಳಗೆ ಸರಕಿಗೂ ಜನರಿಗೂ ಗಡಿ ಇಲ್ಲ ಎನ್ನುವುದು ನಿಜ. ಆದರೆ ಮೇಳ ನಡೆಯುವುದು ಒಂದು ನಿರ್ದಿಷ್ಟ ಊರಿನ ನಿರ್ದಿಷ್ಟ ಹಾಲ್‌ನಲ್ಲಿ. ಅಲ್ಲಿನ ಅಗ್ನಿಶಾಮಕ ನಿಯಮ, ಕೂಲಿ ಕಾನೂನು, ತೆರಿಗೆ, ಹಬ್ಬಗಳ ಪಟ್ಟಿ, ಲಾರಿ ಓಡಾಟದ ಹೊತ್ತು ಎಲ್ಲವೂ ಆ ದೇಶದವೇ, ಎಷ್ಟೋ ಸಲ ಆ ಊರಿನವೇ. ಈ ಉದ್ಯಮದ ಕಷ್ಟಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ತಿರುಗುವ ಮೇಳ ಯುರೋಪಿಗೆ ಹೊಸದಲ್ಲ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದಲ್ಲಿ ವರ್ಷಕ್ಕೆ ಆರು ದೊಡ್ಡ ವ್ಯಾಪಾರದ ಜಾತ್ರೆಗಳು ನಡೆಯುತ್ತಿದ್ದವು. ಲಾನ್ಯಿ, ಬಾರ್-ಸುರ್-ಓಬ್, ಪ್ರೊವಾಂ ಮತ್ತು ತ್ರುವಾ ಊರುಗಳ ನಡುವೆ ಅವು ವರ್ಷವಿಡೀ ಸರದಿಯ ಮೇಲೆ ಸುತ್ತುತ್ತಿದ್ದವು. ಫ್ಲಾಂಡರ್ಸ್‌ನ ಉಣ್ಣೆ ಬಟ್ಟೆಯವರೂ ಇಟಲಿಯ ವರ್ತಕರೂ ಲೇವಾದೇವಿಗಾರರೂ ಅಲ್ಲಿ ಸೇರುತ್ತಿದ್ದರು. ಅವು ಏಳಿಗೆಯಾದದ್ದಕ್ಕೆ ಒಂದು ಮುಖ್ಯ ಕಾರಣವಿತ್ತು. ಊರುಗಳು ನಾಲ್ಕಾದರೂ ಒಡೆತನ ಒಂದೇ. ದಾರಿಯ ರಕ್ಷಣೆಯ ಹೊಣೆ ಶಾಂಪೇನ್ ಪ್ರಭುವಿನದು. ವರ್ತಕರ ಜಗಳ ತೀರಿಸಲು ಅವನೇ ನೇಮಿಸಿದ ಮೇಳಪಾಲಕರಿದ್ದರು. ಇಂದಿನ ಆಯೋಜಕನಿಗೆ ಇಲ್ಲದಿರುವುದು ಇದೇ. ಅವನ ಮೇಳ ಗಡಿ ದಾಟಿದ ಕೂಡಲೇ ನಿಯಮ ಹೇಳುವವರು ಬದಲಾಗುತ್ತಾರೆ.

ಒಂದೇ ಊರಿನಲ್ಲಿ ಬೇರುಬಿಟ್ಟ ಮೇಳಗಳದು ಬೇರೆ ಕಥೆ. ಫ್ರಾಂಕ್‌ಫರ್ಟ್‌ನ ಮೇಳಕ್ಕೆ 1240ರಲ್ಲೇ ಚಕ್ರವರ್ತಿ ಎರಡನೆಯ ಫ್ರೆಡರಿಕ್‌ನಿಂದ ರಕ್ಷಣೆಯ ಸನದು ಸಿಕ್ಕಿತ್ತು. ಲೈಪ್ಜಿಗ್‌ಗೆ 1497ರಲ್ಲಿ ಮೊದಲನೆಯ ಮ್ಯಾಕ್ಸಿಮಿಲಿಯನ್ ಸಾಮ್ರಾಜ್ಯದ ಮೇಳವೆಂಬ ಮಾನ್ಯತೆ ಕೊಟ್ಟ. 1895ರಲ್ಲಿ ಅದೇ ಲೈಪ್ಜಿಗ್ ಒಂದು ದೊಡ್ಡ ಬದಲಾವಣೆ ಮಾಡಿತು: ಮಾರುವ ಸರಕನ್ನೆಲ್ಲ ಹೊತ್ತು ತರುವ ಬದಲು ಮಾದರಿಗಳನ್ನಷ್ಟೇ ತಂದು ಆರ್ಡರ್ ಹಿಡಿಯುವ ಪದ್ಧತಿ. ಇಂದಿನ ವಾಣಿಜ್ಯ ಪ್ರದರ್ಶನದ ಮೂಲ ಅಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಲೈಪ್ಜಿಗ್ ಸೋವಿಯತ್ ವಲಯಕ್ಕೆ ಸೇರಿತು. ಆಗ ಬ್ರಿಟಿಷರು ತಮ್ಮ ಹಿಡಿತದಲ್ಲಿದ್ದ ಹ್ಯಾನೋವರ್‌ನ ಪಕ್ಕದಲ್ಲಿ, ಲೋಹದ ಕಾರ್ಖಾನೆಯೊಂದರ ಉಳಿದ ಕಟ್ಟಡಗಳಲ್ಲಿ, 1947ರ ಆಗಸ್ಟ್‌ನಲ್ಲಿ ರಫ್ತು ಮೇಳ ನಡೆಸಿದರು. ಹಸಿದ ಜರ್ಮನಿಯಲ್ಲಿ ಅದಕ್ಕೆ ಏಳು ಲಕ್ಷಕ್ಕೂ ಹೆಚ್ಚು ಜನ ಬಂದರು. ಪಡಿತರ ಚೀಟಿಯಿಲ್ಲದೆ ಅಲ್ಲಿ ಸಿಗುತ್ತಿದ್ದ ಮೀನು ತುಂಬಿದ ಬನ್ನಿನ ಹೆಸರೇ ಆ ಮೇಳಕ್ಕೆ ಅಡ್ಡಹೆಸರಾಗಿ ನಿಂತಿತು.

ಹಾಗಿದ್ದರೆ ಇಟ್ಮಾ ಒಂದೆಡೆ ನೆಲೆ ನಿಲ್ಲದೆ ಸುತ್ತುವುದೇಕೆ? ಅದರ ಒಡೆತನ 'ಸೆಮಾಟೆಕ್ಸ್' ಎಂಬ ಒಕ್ಕೂಟದ್ದು. ಇಟಲಿ, ಜರ್ಮನಿ, ಫ್ರಾನ್ಸ್, ಸ್ಪೇನ್, ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ನೆದರ್ಲೆಂಡ್ಸ್, ಸ್ವೀಡನ್ ಮತ್ತು ಬ್ರಿಟನ್ನಿನ ಜವಳಿ ಯಂತ್ರ ತಯಾರಕರ ಸಂಘಗಳು ಅದರ ಸದಸ್ಯರು. ಮೇಳ ಯಾರ ದೇಶದಲ್ಲಿ ನಡೆಯುತ್ತದೋ ಆ ದೇಶದ ಹೋಟೆಲು, ಸಾರಿಗೆ, ಗುತ್ತಿಗೆದಾರರಿಗೆ ಸುಗ್ಗಿ. ಅಲ್ಲಿನ ತಯಾರಕರಿಗೆ ಸಾಗಣೆ ಖರ್ಚು ಉಳಿತಾಯ. ಒಂದೇ ದೇಶಕ್ಕೆ ಇದನ್ನು ಶಾಶ್ವತವಾಗಿ ಬಿಟ್ಟುಕೊಡಲು ಉಳಿದವರು ಒಪ್ಪುವುದು ಸುಲಭವಲ್ಲ. ಯಂತ್ರೋಪಕರಣಗಳ ದೊಡ್ಡ ಮೇಳ 'ಇಎಂಒ' ಕೂಡ ಇಂಥದೇ. ಯುರೋಪಿನ ಮಷೀನ್ ಟೂಲ್ ತಯಾರಕರ ಒಕ್ಕೂಟ 'ಸೆಸಿಮೊ' 1975ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಆರಂಭಿಸಿತು. ಇತ್ತೀಚಿನ ದಶಕಗಳಲ್ಲಿ ಅದು ಹ್ಯಾನೋವರ್ ಮತ್ತು ಮಿಲಾನ್ ನಡುವೆ ಓಡಾಡುತ್ತಿದ್ದು, ಹ್ಯಾನೋವರ್‌ಗೆ ಹೆಚ್ಚು ಸರದಿ ಸಿಕ್ಕಿದೆ. ಔಷಧ ಉದ್ಯಮದ 'ಸಿಪಿಎಚ್‌ಐ' ಮೇಳ 2022ರಲ್ಲಿ ಫ್ರಾಂಕ್‌ಫರ್ಟ್, 2023ರಲ್ಲಿ ಬಾರ್ಸಿಲೋನಾ, 2024ರಲ್ಲಿ ಮಿಲಾನ್ ಎಂದು ವರ್ಷಕ್ಕೊಂದು ಊರು ಹಿಡಿಯುತ್ತದೆ.

ಊರು ಬದಲಾದಾಗ ಮೊದಲು ಎದುರಾಗುವ ಪ್ರಶ್ನೆ ಹಾಲ್ ಯಾರದು ಎಂಬುದು. ಜರ್ಮನಿಯಲ್ಲಿ ಮೇಳದ ಮೈದಾನಗಳು ಬಹುತೇಕ ಸಾರ್ವಜನಿಕ ಒಡೆತನದವು. ಫ್ರಾಂಕ್‌ಫರ್ಟ್‌ನ ಸಂಸ್ಥೆಯಲ್ಲಿ ನಗರದ ಪಾಲು ಶೇಕಡ 60, ಹೆಸ್ಸೆ ರಾಜ್ಯದ್ದು 40. ಹ್ಯಾನೋವರ್‌ನಲ್ಲಿ ರಾಜ್ಯವೂ ನಗರವೂ ಹೆಚ್ಚುಕಡಿಮೆ ಸಮಪಾಲುದಾರರು. ಈ ಸಂಸ್ಥೆಗಳು ಹಾಲ್ ಬಾಡಿಗೆಗೆ ಕೊಡುವುದಷ್ಟೇ ಅಲ್ಲ, ಸ್ವತಃ ಮೇಳ ನಡೆಸುತ್ತವೆ. ಹೊರಗಿನಿಂದ ಬಂದ ಆಯೋಜಕನಿಗೆ ಜಾಗ ಕೊಡುವವನೇ ಪ್ರತಿಸ್ಪರ್ಧಿಯೂ ಆಗಿರುತ್ತಾನೆ. ಬೀಗರ ಮನೆಯಲ್ಲಿ ನಿಂತು ಮದುವೆ ಮಾಡಿದಂಥ ಪರಿಸ್ಥಿತಿ. ಬ್ರಿಟನ್‌ನ ಪದ್ಧತಿ ಇದಕ್ಕೆ ವಿರುದ್ಧ. ಅಲ್ಲಿ ಕಟ್ಟಡದ ಒಡೆಯರೇ ಬೇರೆ, ಮೇಳ ನಡೆಸುವವರೇ ಬೇರೆ. ಬರ್ಮಿಂಗ್‌ಹ್ಯಾಮ್‌ನ ಎನ್‌ಇಸಿಯನ್ನು ನಗರಸಭೆ 2015ರಲ್ಲಿ ಖಾಸಗಿ ಹೂಡಿಕೆದಾರರಿಗೆ ಮಾರಿತು. ಲಂಡನ್‌ನ ಎಕ್ಸೆಲ್ 2008ರಲ್ಲಿ ಅಬುಧಾಬಿಯ ಸಂಸ್ಥೆಯೊಂದರ ಪಾಲಾಯಿತು. ಬಾರ್ಸಿಲೋನಾದಲ್ಲಿ ಕ್ಯಾಟಲೋನಿಯಾ ಸರ್ಕಾರ, ನಗರಸಭೆ, ವಾಣಿಜ್ಯ ಮಂಡಳಿ ಮೂರೂ ಸೇರಿದ ಕೂಟವಿದೆ. ಬಾಡಿಗೆ ಕರಾರು, ಮುಂಗಡ, ರದ್ದತಿಯ ಷರತ್ತು, ಯಾವ ಸೇವೆಯನ್ನು ಯಾರಿಂದ ಪಡೆಯಬಹುದು ಎಂಬುದೆಲ್ಲ ಈ ವ್ಯತ್ಯಾಸಕ್ಕೆ ತಕ್ಕಂತೆ ಬದಲಾಗುತ್ತದೆ. ಛಾವಣಿಯಿಂದ ದೀಪ, ಫಲಕ ತೂಗುಹಾಕುವ ಕೆಲಸವನ್ನು ಅನೇಕ ಹಾಲ್‌ಗಳಲ್ಲಿ ಅಲ್ಲಿನ ಅಧಿಕೃತ ಗುತ್ತಿಗೆದಾರನೇ ಮಾಡಬೇಕು. ಅವನು ಹೇಳಿದ್ದೇ ದರ.

ಹಾಲ್‌ನ ಒಳಗೆ ಕಾಲಿಟ್ಟರೆ ಕಷ್ಟಗಳು ಕೈಗೆ ತಾಕುವಷ್ಟು ಸ್ಪಷ್ಟ. ವಿದ್ಯುತ್ತನ್ನೇ ನೋಡಬಹುದು. ಯುರೋಪಿನಾದ್ಯಂತ 230 ವೋಲ್ಟ್, ಮೂರು ಫೇಸ್‌ಗೆ 400 ವೋಲ್ಟ್, 50 ಹರ್ಟ್ಸ್. ಅಷ್ಟರ ಮಟ್ಟಿಗೆ ಒಗ್ಗಟ್ಟಿದೆ. ಪ್ಲಗ್ ಚುಚ್ಚುವಲ್ಲಿ ಅದು ಮುಗಿಯುತ್ತದೆ. ಜರ್ಮನಿ, ಸ್ಪೇನ್‌ಗಳ ದುಂಡನೆಯ ಸಾಕೆಟ್‌ಗೂ ಅರ್ತಿಂಗ್ ಕಡ್ಡಿ ಹೊರಚಾಚಿರುವ ಫ್ರಾನ್ಸ್, ಬೆಲ್ಜಿಯಂಗಳ ಸಾಕೆಟ್‌ಗೂ ವ್ಯತ್ಯಾಸವಿದೆ. ಇಟಲಿಯದು ಮೂರು ಪಿನ್ ಸಾಲಾಗಿರುವ ಬೇರೆ ಮಾದರಿ, ಸ್ವಿಟ್ಜರ್ಲೆಂಡಿನದು ಇನ್ನೊಂದು, ಡೆನ್ಮಾರ್ಕಿನದು ಮತ್ತೊಂದು, ಬ್ರಿಟನ್ನಿನದು ಒಳಗೆ ಫ್ಯೂಸ್ ಇರುವ ದಪ್ಪ ಪ್ಲಗ್. ನೂರಾರು ಮಳಿಗೆಗಳಿಗೆ ಒಂದೇ ಬಗೆಯ ದೀಪ, ಪರದೆ, ಕಾಫಿ ಯಂತ್ರ ಒದಗಿಸುವ ಗುತ್ತಿಗೆದಾರನಿಗೆ ಪ್ರತಿ ಗಡಿಯಲ್ಲೂ ದಾಸ್ತಾನು ಬೇರೆಯಾಗುತ್ತದೆ. ಇಟ್ಮಾದಂಥ ಮೇಳದಲ್ಲಿ ಇದರ ಜೊತೆಗೆ ಮಗ್ಗಗಳಿಗೆ ಒತ್ತಿದ ಗಾಳಿ, ನೂಲು ತುಂಡಾಗದಂತೆ ತೇವಾಂಶ, ಭಾರ ತಾಳುವ ನೆಲ, ಯಂತ್ರ ಇಳಿಸಲು ಕ್ರೇನ್ ಬೇಕು. ಈ ಅನುಕೂಲಗಳೆಲ್ಲ ಇದ್ದು, ಅಷ್ಟು ದೊಡ್ಡ ಜಾಗ ಒಟ್ಟಿಗೇ ಸಿಗುವ ಮೈದಾನಗಳು ಯುರೋಪಿನಲ್ಲಿ ಬೆರಳೆಣಿಕೆಯಷ್ಟು. ಹೀಗಾಗಿ ಒಂಬತ್ತು ಸಂಘಗಳಿದ್ದರೂ ಸರದಿ ಮಾತ್ರ ಮತ್ತೆ ಮತ್ತೆ ಮಿಲಾನ್, ಹ್ಯಾನೋವರ್, ಬಾರ್ಸಿಲೋನಾಗಳಿಗೇ ಬರುತ್ತದೆ. ಮಿಲಾನ್‌ನವರು 2005ರಲ್ಲಿ ಊರ ಹೊರಗಿನ ರೋ ಎಂಬಲ್ಲಿ ಹೊಸ ಮೈದಾನವನ್ನೇ ಕಟ್ಟಿದ್ದು ಇಂಥ ಮೇಳಗಳನ್ನು ಉಳಿಸಿಕೊಳ್ಳಲು. ಜಾಗ ಸಾಲದೆ ಊರು ಬಿಟ್ಟ ಮೇಳಗಳೂ ಇವೆ: ಧ್ವನಿ ಮತ್ತು ದೃಶ್ಯ ತಂತ್ರಜ್ಞಾನದ 'ಐಎಸ್‌ಇ' ವರ್ಷಗಟ್ಟಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೆಳೆದು, ಅಲ್ಲಿನ ರಾಯ್ ಸಂಕೀರ್ಣದಲ್ಲಿ ಹಿಡಿಸಲಾಗದೆ 2021ರಿಂದ ಬಾರ್ಸಿಲೋನಾಗೆ ಹೋಯಿತು.

ಬೆಂಕಿಯ ವಿಚಾರದಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ, ಕೊಡಲೂ ಬಾರದು. ಬಟ್ಟೆ, ಕಾರ್ಪೆಟ್, ಪ್ಲೈವುಡ್, ಬಣ್ಣ ತುಂಬಿದ, ಸಾವಿರಾರು ಜನ ಓಡಾಡುವ ಹಾಲ್ ಅದು. ಜರ್ಮನಿಯಲ್ಲಿ ಮಳಿಗೆಯ ಸಾಮಗ್ರಿಗೆ ಡಿಐಎನ್ 4102ರ ಬಿ1 ದರ್ಜೆ ಕೇಳುತ್ತಾರೆ. ಫ್ರಾನ್ಸಿನಲ್ಲಿ ಎಂ1, ಎಂ2, ಎಂ3 ಎಂಬ ಶ್ರೇಣಿ. ಇಟಲಿಯಲ್ಲಿ ತನ್ನದೇ ವರ್ಗೀಕರಣ, ಬ್ರಿಟನ್ನಿನಲ್ಲಿ ಬಿಎಸ್ 476. ಇವನ್ನೆಲ್ಲ ಒಂದು ಮಾಡಲು ಇಎನ್ 13501 ಎಂಬ ಸಾಮಾನ್ಯ ಯುರೋಪಿಯನ್ ಮಾನದಂಡ ಬಂದಿದೆ. ಅದು ಮುಖ್ಯವಾಗಿ ಕಟ್ಟಡ ಸಾಮಗ್ರಿಗಳಿಗೆ ಸಂಬಂಧಿಸಿದ್ದು. ಪರದೆ, ಅಲಂಕಾರ, ಪೀಠೋಪಕರಣಗಳಿಗೆ ಬಂದಾಗ ಹಾಲ್‌ನ ಅಧಿಕಾರಿ ತನಗೆ ಪರಿಚಿತವಾದ ಹಳೆಯ ಪ್ರಮಾಣಪತ್ರವನ್ನೇ ಕೇಳುವುದುಂಟು. ಫ್ರಾನ್ಸಿನ ನಿಯಮಗಳಲ್ಲಿ ಪ್ರದರ್ಶನ ಹಾಲ್‌ಗಳಿಗೆ 'ಟಿ' ಎಂಬ ಪ್ರತ್ಯೇಕ ವರ್ಗವೇ ಇದೆ. ಪ್ರತಿ ಮೇಳಕ್ಕೂ ಅರ್ಹತೆ ಪಡೆದ ಸುರಕ್ಷಾ ಅಧಿಕಾರಿಯೊಬ್ಬ ಇರಬೇಕು. ಅವನು ನಕ್ಷೆಗಳನ್ನು ಮೊದಲೇ ನೋಡುತ್ತಾನೆ, ಬಾಗಿಲು ತೆರೆಯುವ ಮುನ್ನ ಮಳಿಗೆ ಮಳಿಗೆಗೂ ಹೋಗಿ ಪರೀಕ್ಷಿಸುತ್ತಾನೆ. ಪತ್ರವಿಲ್ಲದ ಪರದೆಯನ್ನು ಬಿಚ್ಚಿಸುವ ಅಧಿಕಾರ ಅವನಿಗಿದೆ. ಎರಡು ಅಂತಸ್ತಿನ ಮಳಿಗೆ ಕಟ್ಟುವುದಾದರೆ ಭಾರ, ಮೆಟ್ಟಿಲು, ತಪ್ಪಿಸಿಕೊಳ್ಳುವ ದಾರಿಗಳ ಲೆಕ್ಕವನ್ನು ತಿಂಗಳುಗಳ ಮೊದಲೇ ಆ ದೇಶ ಒಪ್ಪುವ ಎಂಜಿನಿಯರ್‌ನಿಂದ ಮಾಡಿಸಿ ಕೊಡಬೇಕು. ಡಸೆಲ್ಡಾರ್ಫ್‌ನಲ್ಲಿ ಒಪ್ಪಿಗೆ ಪಡೆದ ವಿನ್ಯಾಸ ಎಂಬ ಮಾತು ಪ್ಯಾರಿಸ್‌ನಲ್ಲಿ ನಡೆಯುವುದಿಲ್ಲ.

ಆ ಮಳಿಗೆಗಳನ್ನು ಕಟ್ಟುವ ಕೈಗಳ ಬಗ್ಗೆ ಹೊರಗಿನವರು ಯೋಚಿಸುವುದೇ ಕಡಿಮೆ. ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು, ಬಣ್ಣ ಬಳಿಯುವವರು ಕೆಲವೇ ದಿನಗಳಲ್ಲಿ ಖಾಲಿ ಹಾಲ್ ಒಳಗೆ ಒಂದು ಪೇಟೆಯನ್ನೇ ಎಬ್ಬಿಸಿ, ಮೇಳ ಮುಗಿದ ರಾತ್ರಿಯೇ ಕೆಡವಲು ಶುರುಮಾಡುತ್ತಾರೆ. ಪೋಲೆಂಡಿನಲ್ಲಿ ಮಳಿಗೆ ತಯಾರಿಸಿ ಜರ್ಮನಿ, ಫ್ರಾನ್ಸ್‌ಗಳಿಗೆ ಒಯ್ದು ಕಟ್ಟಿಕೊಡುವ ಸಂಸ್ಥೆಗಳು ಬಹಳ ಇವೆ. ಹೀಗೆ ಒಂದು ದೇಶದ ಕೆಲಸಗಾರರನ್ನು ತಾತ್ಕಾಲಿಕವಾಗಿ ಇನ್ನೊಂದಕ್ಕೆ ಕಳಿಸುವುದಕ್ಕೆ 1996ರಿಂದ ಯುರೋಪಿಯನ್ ಒಕ್ಕೂಟದ ನಿರ್ದೇಶನವೊಂದಿದೆ. 2018ರಲ್ಲಿ ಅದನ್ನು ಬಿಗಿಗೊಳಿಸಿ, ಒಂದೇ ಕೆಲಸಕ್ಕೆ ಒಂದೇ ಜಾಗದಲ್ಲಿ ಸಮಾನ ಸಂಬಳ ಎಂಬ ತತ್ವವನ್ನು ಸೇರಿಸಿದರು. ಅದು ನ್ಯಾಯವಾದದ್ದೇ. ಅಗ್ಗದ ಕೂಲಿಯ ಮೇಲೆ ನಿಂತ ಮೇಳ ಯಾರಿಗೂ ಹೆಮ್ಮೆಯ ವಿಷಯವಲ್ಲ. ತೊಡಕಿರುವುದು ಕಾಗದಪತ್ರದಲ್ಲಿ. ಪ್ರತಿಯೊಬ್ಬ ಕೆಲಸಗಾರನ ಬಳಿ ಅವನ ದೇಶದಲ್ಲೇ ಸಾಮಾಜಿಕ ವಿಮೆ ಕಟ್ಟಲಾಗುತ್ತಿದೆ ಎಂಬ 'ಎ1' ಪತ್ರ ಇರಬೇಕು. ಬೆಲ್ಜಿಯಂಗೆ ಹೋಗುವ ಮೊದಲು 'ಲಿಮೋಸಾ' ಘೋಷಣೆ, ಫ್ರಾನ್ಸಿಗೆ 'ಸಿಪ್ಸಿ' ಎಂಬ ಜಾಲತಾಣದಲ್ಲಿ ನೋಂದಣಿ. ಇಟಲಿಯಲ್ಲಿ 2008ರ ಕಾರ್ಮಿಕ ಸುರಕ್ಷಾ ಕಾಯ್ದೆಯ ಜೊತೆಗೆ ವೇದಿಕೆ ಮತ್ತು ಮೇಳಗಳಿಗೆಂದೇ 2014ರ ಜುಲೈನಲ್ಲಿ ಹೊರಡಿಸಿದ ಆದೇಶವಿದೆ. ಹಾಲ್‌ನಲ್ಲಿ ಒಟ್ಟಿಗೇ ದುಡಿಯುವ ಹಲವು ಗುತ್ತಿಗೆದಾರರಿಂದ ಒಬ್ಬರಿಗೊಬ್ಬರಿಗೆ ಬರಬಹುದಾದ ಅಪಾಯಗಳನ್ನು ಅಲ್ಲಿ ಬರೆದು ದಾಖಲಿಸಬೇಕು. ಬ್ರಿಟನ್ನಿನಲ್ಲಿ ಕಟ್ಟಡ ನಿರ್ಮಾಣದ 2015ರ ಸುರಕ್ಷಾ ನಿಯಮಗಳು ಮಳಿಗೆ ಕಟ್ಟುವುದಕ್ಕೂ ಅನ್ವಯಿಸುತ್ತವೆ. ಒಬ್ಬ ಬಡಗಿ ಮಿಲಾನ್‌ನಲ್ಲಿ ಸೋಮವಾರ ಮಾಡಿದ ಕೆಲಸವನ್ನೇ ಮುಂದಿನ ಸೋಮವಾರ ಬ್ರಸೆಲ್ಸ್‌ನಲ್ಲಿ ಮಾಡುತ್ತಾನೆ. ಅವನ ಹೆಸರಿನ ಕಡತ ಮಾತ್ರ ಪೂರ್ತಿ ಹೊಸದು.

ರಸ್ತೆಯ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ನಡುರಾತ್ರಿಯಿಂದ ರಾತ್ರಿ ಹತ್ತರವರೆಗೆ 7.5 ಟನ್ ಮೀರಿದ ಲಾರಿಗಳು ಓಡುವಂತಿಲ್ಲ. ಫ್ರಾನ್ಸ್, ಆಸ್ಟ್ರಿಯಾ, ಇಟಲಿಗಳಲ್ಲೂ ಇಂಥ ನಿಷೇಧವಿದೆ, ಹೊತ್ತು ಬೇರೆ ಬೇರೆ. ಸ್ವಿಟ್ಜರ್ಲೆಂಡಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಪ್ರತಿದಿನ ನಿರ್ಬಂಧ. ಶುಕ್ರವಾರ ಒಂದು ದೇಶದಲ್ಲಿ ಮೇಳ ಮುಗಿಸಿ ಮಂಗಳವಾರ ಇನ್ನೊಂದರಲ್ಲಿ ಬಾಗಿಲು ತೆರೆಯಬೇಕಾದವರಿಗೆ ಈ ಗಂಟೆಗಳ ಲೆಕ್ಕವೇ ನಿರ್ಣಾಯಕ.

ಸುಂಕದ ಗಡಿ ಇನ್ನೊಂದು. ಪ್ರದರ್ಶನಕ್ಕೆ ತಂದು ಮರಳಿ ಒಯ್ಯುವ ವಸ್ತುಗಳಿಗೆ ಸುಂಕ ಕಟ್ಟದಿರಲು 'ಎಟಿಎ ಕಾರ್ನೆ' ಎಂಬ ಅಂತರರಾಷ್ಟ್ರೀಯ ದಾಖಲೆ 1961ರ ಬ್ರಸೆಲ್ಸ್ ಒಪ್ಪಂದದಿಂದ ಜಾರಿಯಲ್ಲಿದೆ. ಒಕ್ಕೂಟದ ಒಳಗೆ ಅದರ ಅಗತ್ಯವಿಲ್ಲ. ಒಕ್ಕೂಟದಿಂದ ಹೊರಗಿರುವ ಸ್ವಿಟ್ಜರ್ಲೆಂಡ್, ನಾರ್ವೆಗಳಿಗೆ ಮೊದಲಿನಿಂದಲೂ ಬೇಕು. 2021ರ ಜನವರಿ 1ರಿಂದ ಬ್ರಿಟನ್ ಕೂಡ ಆ ಪಟ್ಟಿಗೆ ಸೇರಿತು. ಅದಕ್ಕೆ ಮೊದಲು ಬರ್ಮಿಂಗ್‌ಹ್ಯಾಮ್‌ನ ಒಂದು ಲಾರಿ ಮಳಿಗೆಯ ಸಾಮಾನು ತುಂಬಿಕೊಂಡು ಡೋವರ್ ದಾಟಿ ನೇರ ಹ್ಯಾನೋವರ್ ತಲುಪುತ್ತಿತ್ತು. ಈಗ ಪ್ರತಿಯೊಂದು ವಸ್ತುವಿನ ಪಟ್ಟಿ, ಬೆಲೆ, ಭದ್ರತಾ ಠೇವಣಿ, ಹೋಗುವಾಗ ಒಂದು ಮೊಹರು, ಬರುವಾಗ ಒಂದು ಮೊಹರು. ಅವಸರದಲ್ಲಿ ಒಂದು ಮೊಹರು ತಪ್ಪಿದರೂ ಆ ವಸ್ತು ಅಲ್ಲೇ ಮಾರಾಟವಾಯಿತೆಂದು ಭಾವಿಸಿ ಸುಂಕ ಕೇಳಬಹುದು. ಹಂಚಲು ತಂದ ಕರಪತ್ರ, ಉಡುಗೊರೆ, ತಿಂಡಿಗಳು ಮರಳಿ ಹೋಗುವ ವಸ್ತುಗಳಲ್ಲವಾದ್ದರಿಂದ ಕಾರ್ನೆಯಲ್ಲಿ ಬರುವುದಿಲ್ಲ. ಜನರಿಗೂ ಮಿತಿ ಬಿತ್ತು: ಬ್ರಿಟಿಷ್ ಕೆಲಸಗಾರರು ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ವರ್ಷವಿಡೀ ಮೇಳದಿಂದ ಮೇಳಕ್ಕೆ ಓಡಾಡುವವರಿಗೆ ಆ ದಿನಗಳು ಬೇಗ ಕರಗುತ್ತವೆ.

ತೆರಿಗೆಯ ಗೊಂದಲ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿದೆ. ಪೋಲೆಂಡಿನ ಇಂಟರ್-ಮಾರ್ಕ್ ಎಂಬ ಸಂಸ್ಥೆ ಬೇರೆ ದೇಶಗಳ ಪ್ರದರ್ಶಕರಿಗೆ ಮಳಿಗೆ ವಿನ್ಯಾಸ ಮಾಡಿ, ಬಾಡಿಗೆಗೆ ಕೊಟ್ಟು, ಕೆಲವೊಮ್ಮೆ ಕಟ್ಟಿಯೂ ಕೊಡುತ್ತಿತ್ತು. ಅದರ ವ್ಯಾಟ್ ಯಾವ ದೇಶಕ್ಕೆ ಸೇರಬೇಕು? 2011ರ ಅಕ್ಟೋಬರ್ 27ರಂದು ಯುರೋಪಿಯನ್ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲಿ ಒಂದಲ್ಲ, ಮೂರು ದಾರಿಗಳಿದ್ದವು. ಮಳಿಗೆ ಜಾಹೀರಾತಿನ ಸಾಧನವಾಗಿದ್ದರೆ ಒಂದು ಲೆಕ್ಕ. ನಿರ್ದಿಷ್ಟ ಊರಿನ ನಿರ್ದಿಷ್ಟ ಮೇಳಕ್ಕೆಂದೇ ಮಾಡಿದ್ದರೆ ಮೇಳ ನಡೆಯುವ ಜಾಗದ ಲೆಕ್ಕ. ಬರಿಯ ಬಾಡಿಗೆ ವಸ್ತುವಾದರೆ ಮತ್ತೊಂದು. ಅದು ಹಳೆಯ ಕಾನೂನಿನ ಕೆಳಗೆ ಬಂದ ತೀರ್ಪು. 2011ರಿಂದ ವ್ಯಾಪಾರಿಗಳ ನಡುವಿನ ಇಂಥ ಸೇವೆಗಳಿಗೆ ಸಾಮಾನ್ಯವಾಗಿ ಗ್ರಾಹಕನ ದೇಶದಲ್ಲೇ ತೆರಿಗೆ. ಆದರೆ ಮೇಳದ ಪ್ರವೇಶ ಟಿಕೆಟ್‌ಗೆ ಮೇಳ ನಡೆಯುವ ದೇಶದ ತೆರಿಗೆ. ವ್ಯಾಟ್‌ನ ಸಾಮಾನ್ಯ ದರವೋ ಜರ್ಮನಿಯಲ್ಲಿ ಶೇಕಡ 19, ಫ್ರಾನ್ಸಿನಲ್ಲಿ 20, ಸ್ಪೇನಿನಲ್ಲಿ 21, ಇಟಲಿಯಲ್ಲಿ 22, ಹಂಗರಿಯಲ್ಲಿ 27. ಹೋಟೆಲು, ಊಟ, ಬಾಡಿಗೆಗಳ ಮೇಲೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯಲು ಒಕ್ಕೂಟದ ಕಂಪನಿಗಳಿಗೆ ಒಂದು ದಾರಿ, ಹೊರಗಿನವರಿಗೆ ಇನ್ನೊಂದು. ಹೊರಗಿನ ಕಂಪನಿಯ ದೇಶವೂ ಇದೇ ಸೌಲಭ್ಯ ಕೊಡುತ್ತದೆಯೇ ಎಂದು ನೋಡಿ ತೀರ್ಮಾನಿಸುವ ರಾಷ್ಟ್ರಗಳಿವೆ.

ಮೇಳಕ್ಕೆ ದಿನ ಗೊತ್ತುಮಾಡುವುದೂ ಸಣ್ಣ ಕೆಲಸವಲ್ಲ. ಆಗಸ್ಟ್ ನಡುವೆ ಇಟಲಿಯ ಕಾರ್ಖಾನೆಗಳು ಬೀಗ ಹಾಕಿರುತ್ತವೆ. ಜರ್ಮನಿಯಲ್ಲಿ ಶಾಲಾ ರಜೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪೂರ್ವದ ಆರ್ಥಡಾಕ್ಸ್ ಈಸ್ಟರ್ ಪಶ್ಚಿಮದ ಈಸ್ಟರ್ ಜೊತೆ ಬಹಳ ಸಲ ಹೊಂದುವುದಿಲ್ಲ. ಒಂದೇ ಉದ್ಯಮದ ಇನ್ನೊಂದು ಮೇಳ ಹತ್ತಿರದ ದಿನಗಳಲ್ಲಿದ್ದರೆ ಇಬ್ಬರಿಗೂ ನಷ್ಟ. ವಿಮಾನ ಉದ್ಯಮ ಇದಕ್ಕೆ ಒಂದು ಪರಿಹಾರ ಕಂಡುಕೊಂಡಿದೆ: ಬೆಸ ವರ್ಷ ಪ್ಯಾರಿಸ್‌ನ ಲ ಬೂರ್ಜೆ, ಸಮ ವರ್ಷ ಇಂಗ್ಲೆಂಡಿನ ಫಾರ್ನ್‌ಬರೋ.

ತಂಗುವ ಜಾಗದ ಸಂಕಟವಂತೂ ಹಳೆಯದು. ಐದೂವರೆ ಲಕ್ಷದ ಆಸುಪಾಸಿನ ಜನಸಂಖ್ಯೆಯ ಹ್ಯಾನೋವರ್‌ಗೆ ಮೇಳದ ದಿನಗಳಲ್ಲಿ ಬರುವ ಜನರಿಗೆ ಹೋಟೆಲುಗಳು ಯಾವತ್ತೂ ಸಾಕಾಗಲಿಲ್ಲ. ಊರಿನ ಗೃಹಿಣಿಯರು ಮನೆಯ ಕೋಣೆ ಖಾಲಿಮಾಡಿ ಅತಿಥಿಗಳಿಗೆ ಕೊಟ್ಟರು, ಬೆಳಗಿನ ತಿಂಡಿ ಮಾಡಿ ಬಡಿಸಿದರು. ವರ್ಷ ವರ್ಷವೂ ಅದೇ ಅತಿಥಿ ಅದೇ ಮನೆಗೆ ಬರುತ್ತಿದ್ದುದುಂಟು. 'ಮೇಳದ ಅಮ್ಮಂದಿರು' ಎಂದೇ ಆ ಹೆಂಗಸರನ್ನು ಕರೆಯುತ್ತಿದ್ದರು. ಆ ಮೇಳದ ಯಶಸ್ಸಿನಲ್ಲಿ ಅವರ ಪಾಲು ಯಾವ ಎಂಜಿನಿಯರ್‌ನ ಪಾಲಿಗೂ ಕಡಿಮೆಯದಲ್ಲ. ಬಾಸೆಲ್‌ನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿನ ಜಗತ್ಪ್ರಸಿದ್ಧ ಗಡಿಯಾರ ಮೇಳ ಬಾಸೆಲ್‌ವರ್ಲ್ಡ್‌ಗೆ ಬರುವವರು ಮಳಿಗೆ ಬಾಡಿಗೆ, ಹೋಟೆಲು ದರಗಳ ಬಗ್ಗೆ ವರ್ಷಗಟ್ಟಲೆ ಗೊಣಗುತ್ತಿದ್ದರು. 2018ರಲ್ಲಿ ಸ್ವಾಚ್ ಸಮೂಹ ಹೊರಬರುವುದಾಗಿ ಹೇಳಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಸೋಂಕಿನಿಂದ ಮುಂದೂಡಿದ ಮೇಳದ ಹೊಸ ದಿನಾಂಕ ಮತ್ತು ಹಣ ಮರುಪಾವತಿಯ ಕುರಿತು ಮನಸ್ತಾಪವಾಗಿ ರೋಲೆಕ್ಸ್, ಪಾಟೆಕ್ ಫಿಲಿಪ್ ಮೊದಲಾದವು ಒಟ್ಟಾಗಿ ಜಿನೀವಾಗೆ ಹೊರಟವು. ಬಾಸೆಲ್‌ವರ್ಲ್ಡ್ ಮತ್ತೆ ಏಳಲಿಲ್ಲ. 1917ರಿಂದ ಬೆಳೆದು ಬಂದ ಪರಂಪರೆ ಕೆಲವೇ ವಾರಗಳಲ್ಲಿ ಕುಸಿದದ್ದನ್ನು ನೆನೆದರೆ, ಮೇಳ ಎಂಬುದು ಕಟ್ಟಡಕ್ಕಿಂತ ಹೆಚ್ಚಾಗಿ ಬರುವವರ ವಿಶ್ವಾಸದ ಮೇಲೆ ನಿಂತಿದೆ ಎಂಬುದು ಮನವರಿಕೆಯಾಗುತ್ತದೆ.

ಅದೇ ಸೋಂಕಿನ ಕಾಲ ಕರಾರುಗಳ ಬಿರುಕುಗಳನ್ನೂ ಬಯಲಿಗೆ ತಂದಿತು. 2020ರ ಫೆಬ್ರವರಿ 12ರಂದು, ಆರಂಭಕ್ಕೆ ಎರಡು ವಾರವೂ ಇಲ್ಲದಿದ್ದಾಗ, ಬಾರ್ಸಿಲೋನಾದ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ರದ್ದಾಯಿತು. ಆಗಿನ್ನೂ ಸ್ಪೇನ್ ಸರ್ಕಾರ ತುರ್ತುಸ್ಥಿತಿ ಘೋಷಿಸಿರಲಿಲ್ಲ. ಫೆಬ್ರವರಿ 28ರಂದು ಸ್ವಿಸ್ ಸರ್ಕಾರ ಸಾವಿರಕ್ಕಿಂತ ಹೆಚ್ಚು ಜನ ಸೇರುವುದನ್ನು ನಿಷೇಧಿಸಿದಾಗ ಜಿನೀವಾ ಮೋಟಾರ್ ಪ್ರದರ್ಶನದ ಮಳಿಗೆಗಳು ಹೆಚ್ಚುಕಡಿಮೆ ಕಟ್ಟಿ ಮುಗಿದಿದ್ದವು. ಅವನ್ನು ಬಾಗಿಲು ತೆರೆಯುವ ಮೊದಲೇ ಬಿಚ್ಚಬೇಕಾಯಿತು. ಹಣ ಯಾರು ಕೊಡಬೇಕು? ಫ್ರಾನ್ಸಿನ ನಾಗರಿಕ ಸಂಹಿತೆಯಲ್ಲಿ ದೈವಾಧೀನ ಘಟನೆಗೆ 2016ರಿಂದ ಸ್ಪಷ್ಟ ವ್ಯಾಖ್ಯೆಯಿದೆ. ಜರ್ಮನ್ ಸಂಹಿತೆಯಲ್ಲಿ ಆ ಪದದ ವ್ಯಾಖ್ಯೆಯಿಲ್ಲ, ಕೆಲಸ ಅಸಾಧ್ಯವಾದಾಗ ಏನು ಎಂಬ ಬೇರೆ ಕಲಮುಗಳಿವೆ. ಇಂಗ್ಲಿಷ್ ಕಾನೂನಿನಲ್ಲಿ ಕರಾರಿನಲ್ಲೇ ಅಂಥ ಷರತ್ತು ಬರೆದಿರದಿದ್ದರೆ ಆಧಾರ ಬಹಳ ತೆಳು. ಒಂದೇ ಸಂಸ್ಥೆ ಮೂರು ದೇಶಗಳಲ್ಲಿ ರದ್ದು ಮಾಡಿದ ಮೂರು ಮೇಳಗಳಿಗೆ ಮೂರು ಬಗೆಯ ಪರಿಣಾಮ. 1905ರಲ್ಲಿ ಆರಂಭವಾಗಿದ್ದ ಜಿನೀವಾ ಪ್ರದರ್ಶನ 2024ರಲ್ಲಿ ಒಮ್ಮೆ ಮರಳಿ ಬಂದು, ಅದೇ ವರ್ಷ ಶಾಶ್ವತವಾಗಿ ಮುಚ್ಚಿತು.

ಪ್ರಕೃತಿಯೂ ಒಮ್ಮೆ ಇಂಥ ಪೆಟ್ಟು ಕೊಟ್ಟಿತ್ತು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶ ಮುಚ್ಚಿದ ವಾರವೇ ಹ್ಯಾನೋವರ್ ಮೇಳ, ಮ್ಯೂನಿಕ್‌ನ ನಿರ್ಮಾಣ ಯಂತ್ರಗಳ ಮೇಳ, ಲಂಡನ್ ಪುಸ್ತಕ ಮೇಳ ಮೂರೂ ಇದ್ದವು. ಲಂಡನ್ನಿಗೆ ಬರಬೇಕಾಗಿದ್ದ ಎಷ್ಟೋ ಪ್ರಕಾಶಕರ ಕುರ್ಚಿಗಳು ಖಾಲಿ ಉಳಿದವು.

ಬಂದವರ ಮಾಹಿತಿ ಆಯೋಜಕನ ದೊಡ್ಡ ಆಸ್ತಿ. 2018ರ ಮೇ ತಿಂಗಳಿಂದ ಜಾರಿಯಾದ, ವೈಯಕ್ತಿಕ ಮಾಹಿತಿ ರಕ್ಷಣೆಯ ಜಿಡಿಪಿಆರ್ ಇಡೀ ಒಕ್ಕೂಟಕ್ಕೆ ಒಂದೇ ಕಾನೂನು, ಆದರೆ ಅದನ್ನು ಜಾರಿಮಾಡುವ ಪ್ರಾಧಿಕಾರಗಳು ದೇಶದಿಂದ ದೇಶಕ್ಕೆ ಬೇರೆ. 2021ರ ಮೊಬೈಲ್ ವರ್ಲ್ಡ್ ಕಾಂಗ್ರೆಸ್‌ನಲ್ಲಿ ಮುಖ ಗುರುತಿಸಿ ಒಳಬಿಡುವ ವ್ಯವಸ್ಥೆ ತರುವ ಮುನ್ನ ಅದರ ಪರಿಣಾಮವನ್ನು ಸರಿಯಾಗಿ ಅಳೆಯಲಿಲ್ಲವೆಂದು ಸ್ಪೇನಿನ ಪ್ರಾಧಿಕಾರ ಆಯೋಜಕ ಸಂಸ್ಥೆ ಜಿಎಸ್‌ಎಂಎಗೆ 2 ಲಕ್ಷ ಯೂರೋ ದಂಡ ಹಾಕಿತು. ಇನ್ನು ಎಷ್ಟು ಜನ ಬಂದರು ಎಂಬ ಸಂಖ್ಯೆಯೂ ದೇಶದಿಂದ ದೇಶಕ್ಕೆ ಅರ್ಥ ಬದಲಿಸುತ್ತಿತ್ತು. ಮೂರು ದಿನ ಬಂದ ಒಬ್ಬನನ್ನು ಒಂದು ಎಂದೂ ಎಣಿಸಬಹುದು, ಮೂರು ಎಂದೂ ಎಣಿಸಬಹುದು. ಜರ್ಮನಿಯಲ್ಲಿ 1965ರಿಂದ ಎಫ್‌ಕೆಎಂ ಎಂಬ ಸಂಸ್ಥೆ ಈ ಅಂಕಿಗಳನ್ನು ತಪಾಸಣೆ ಮಾಡುತ್ತಿದೆ. 1925ರಲ್ಲಿ ಮಿಲಾನ್‌ನಲ್ಲಿ ಇಪ್ಪತ್ತು ಮೇಳಗಳು ಸೇರಿ ಕಟ್ಟಿದ ಯುಎಫ್‌ಐ ಸಂಘಟನೆ ತನ್ನ ಮನ್ನಣೆಗೆ ತಪಾಸಣೆಯಾದ ಅಂಕಿಗಳನ್ನೇ ಕೇಳುತ್ತದೆ. ಎಣಿಕೆಯ ಪರಿಭಾಷೆಗೆ 2008ರಲ್ಲಿ ಐಎಸ್‌ಒ 25639 ಎಂಬ ಮಾನದಂಡವೂ ಬಂತು.

ಹೊಸ ಯಂತ್ರ ತೋರಿಸುವವನಿಗೆ ಪೇಟೆಂಟಿನ ಭಯವೂ ಇದೆ. 1873ರ ವಿಯೆನ್ನಾ ವಿಶ್ವ ಪ್ರದರ್ಶನಕ್ಕೆ ಬರಲು ಪರದೇಶದ ಸಂಶೋಧಕರು ಹಿಂಜರಿದರು. ತೋರಿಸಿದ್ದನ್ನು ಕದ್ದರೆ ಕೇಳುವವರಿರಲಿಲ್ಲ. ಆ ಆತಂಕವೇ 1883ರ ಪ್ಯಾರಿಸ್ ಒಪ್ಪಂದಕ್ಕೆ ದಾರಿಯಾಯಿತು. ಆದರೂ ಇಂದಿನ ಯುರೋಪಿಯನ್ ಪೇಟೆಂಟ್ ವ್ಯವಸ್ಥೆಯಲ್ಲಿ ರಕ್ಷಣೆ ಸಿಗುವುದು ವಿಶ್ವ ಪ್ರದರ್ಶನಗಳಂಥ ಅಧಿಕೃತ ಕೂಟಗಳಿಗೆ ಮಾತ್ರ. ಸಾಮಾನ್ಯ ವಾಣಿಜ್ಯ ಮೇಳದಲ್ಲಿ ಅರ್ಜಿಗೆ ಮುನ್ನವೇ ಯಂತ್ರ ತೋರಿಸಿದರೆ ಅದು ಹೊಸದು ಎನ್ನುವ ಹಕ್ಕೇ ಹೋಗುತ್ತದೆ.

ಇಷ್ಟೆಲ್ಲ ತೊಡಕುಗಳಿದ್ದೂ ಸಂಚಾರಿ ಮೇಳಗಳು ಉಳಿದಿರುವುದಕ್ಕೆ ಕಾರಣ, ಅವುಗಳ ಅನುಭವ ಊರಿನೊಂದಿಗೆ ಕಳೆದುಹೋಗದಂತೆ ನೋಡಿಕೊಂಡದ್ದು. ಇಟ್ಮಾದ ಮಾಲೀಕರು 2011ರ ಬಾರ್ಸಿಲೋನಾ ಮೇಳವನ್ನು ಸಿಂಗಪುರದ ಆಯೋಜಕ ಸಂಸ್ಥೆಯೊಂದಕ್ಕೆ ವಹಿಸಿ, ಬಾರ್ಸಿಲೋನಾದ ಹಾಲ್‌ನವರನ್ನು ಜೊತೆಗಾರರನ್ನಾಗಿ ಇಟ್ಟುಕೊಂಡರು. ಪ್ರದರ್ಶಕರ ಪಟ್ಟಿ, ಜಾಗ ಹಂಚಿಕೆ, ದರಗಳ ನೆನಪು ಕೇಂದ್ರದಲ್ಲಿ. ಅಗ್ನಿಶಾಮಕ ದಳ, ಪೊಲೀಸ್, ವಿದ್ಯುತ್, ಲಾರಿಗಳ ವ್ಯವಹಾರ ಆ ಊರಿನ ಭಾಷೆಯಾಡುವವರ ಕೈಯಲ್ಲಿ. ಎರಡರಲ್ಲಿ ಒಂದನ್ನೇ ನೆಚ್ಚಿ ಮೇಳ ಗೆಲ್ಲಿಸುವುದು ಕಷ್ಟ.

ಭಾರತಕ್ಕೂ ಈ ಲೋಕಕ್ಕೂ ನಿಕಟ ನಂಟಿದೆ. ಹ್ಯಾನೋವರ್ ಮೇಳದಲ್ಲಿ 2006 ಮತ್ತು 2015ರಲ್ಲಿ ಭಾರತ ಪಾಲುದಾರ ರಾಷ್ಟ್ರವಾಗಿತ್ತು. ಕರ್ನಾಟಕದ ಮಟ್ಟಿಗೆ ಹೆಚ್ಚು ಹತ್ತಿರದ್ದು ಇಎಂಒ. ಬೆಂಗಳೂರು ಮಷೀನ್ ಟೂಲ್ ಉದ್ಯಮದ ಹಳೆಯ ನೆಲೆ. ದೇಶದ ತಯಾರಕರ ಸಂಘ ಐಎಂಟಿಎಂಎ ತುಮಕೂರು ರಸ್ತೆಯಲ್ಲಿ ತನ್ನದೇ ಪ್ರದರ್ಶನ ಕೇಂದ್ರ ಕಟ್ಟಿ 'ಇಮ್ಟೆಕ್ಸ್' ಮೇಳ ನಡೆಸುತ್ತದೆ. ಸ್ವಂತ ಕಟ್ಟಡದ ಒಡೆಯರಾದ ತಯಾರಕರ ಸಂಘವೇ ಮೇಳವನ್ನೂ ನಡೆಸುವ ಈ ಪದ್ಧತಿ ಯುರೋಪಿನಲ್ಲೂ ಅಪರೂಪ. ಪೀಣ್ಯದ ಕಾರ್ಖಾನೆಯೊಂದು ಹ್ಯಾನೋವರ್‌ಗೆ ಯಂತ್ರ ಕಳಿಸಬೇಕಾದರೆ ಎಫ್‌ಐಸಿಸಿಐ ಮೂಲಕ ಕಾರ್ನೆ ಪಡೆಯಬೇಕು. ಒಂದು ವರ್ಷದವರೆಗೆ ಮಾನ್ಯವಾದ ಆ ಒಂದೇ ಪುಸ್ತಕದ ಮೇಲೆ ಯಂತ್ರ ಜರ್ಮನಿಯಿಂದ ಸ್ವಿಟ್ಜರ್ಲೆಂಡಿಗೂ, ಅಲ್ಲಿಂದ ಬರ್ಮಿಂಗ್‌ಹ್ಯಾಮ್‌ಗೂ ಹೋಗಿ ಊರಿಗೆ ಮರಳಬಹುದು. ಅದನ್ನು ಓಡಿಸಿ ತೋರಿಸುವ ತಂತ್ರಜ್ಞನಿಗೆ 90 ಯೂರೋ ಶುಲ್ಕದ ಷೆಂಗೆನ್ ವೀಸಾ ಬೇಕು, 2025ರ ಅಕ್ಟೋಬರ್‌ನಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯಂತೆ ಗಡಿಯಲ್ಲಿ ಭಾವಚಿತ್ರ ಕೊಡಬೇಕು, ಬರ್ಮಿಂಗ್‌ಹ್ಯಾಮ್‌ಗೆ ಹೋಗುವುದಾದರೆ ಬ್ರಿಟನ್ನಿನ ವೀಸಾಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು.